ಮೂರು ಮಿಲಿಮೀಟರ್

ಮೊನ್ನೆ ನಮ್ಮ ಸಂಘದಿಂದ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದಕ್ಕೆ ಹೋಗಿದ್ವಿ. ಪ್ಯಾಟರ್ನ್ ಮಾಡುವ ಕಾಕಾ ತಮ್ಮ ಸ್ಕೇಲ್ ಕೊಟ್ಟು, "ನಿಮ್ಮ ಸ್ಕೇಲ್ ಬಾಜೂಕ ಇಟ್ಟು ನೋಡ್ರಿ" ಅಂದರು. ಅವರ 300 ನಮ್ಮ 303ಕ್ಕೆ ಬಂತು!

"ಕಾಕಾ, ನಿಮ್ಮ ಸ್ಕೇಲ್ ತಪ್ಪೈತಿ" ಅಂದುಬಿಟ್ವಿ.

ಅವರು ನಕ್ಕರು. "ತಪ್ಪಿಲ್ರಪಾ. ಕಬ್ಬಿಣ ಆರಿದ ಮ್ಯಾಲ ಕುಗ್ಗತೈತಿ. ಅದಕ್ಕ ಪ್ಯಾಟರ್ನ್ ಮೊದ್ಲ ಅಷ್ಟು ದೊಡ್ಡದ ಮಾಡ್ಬೇಕು."

ಬೀಡುಕಬ್ಬಿಣಕ್ಕೆ ಸುಮಾರು ಶೇ. 1 ಶ್ರಿಂಕೇಜ್ ಅಲೋವನ್ಸ್. ಹೋದ ಸೆಮಿಸ್ಟರ್‌ನಲ್ಲಿ ಇದನ್ನೇ ಬರೆದು ಮಾರ್ಕ್ಸ್ ತಗೊಂಡಿದ್ವಿ. ಕೈಗೆ ಬಂದಾಗ ಗುರುತೇ ಸಿಗಲಿಲ್ಲ.

ಹೊರಡುವಾಗ ಕಾಕಾ ಕೇಳಿದರು: "ಈ ಕೆಲಸ ಕಲಿಯಾಕ ನಿಮ್ಮೊಳಗ ಯಾರರ ಬರ್ತೀರೇನು?"

ನಾವೆಲ್ಲ ಸಾಫ್ಟ್‌ವೇರ್ ಪ್ಲೇಸ್‌ಮೆಂಟ್‌ಗೆ ಓದ್ತಿರೋರು. ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ವಾಪಸ್ ಬರುವಾಗ ಬಸ್ಸಿನಲ್ಲಿ ಅಂತ್ಯಾಕ್ಷರಿ ಆಗಲಿಲ್ಲ.