ಗಂಜಿಯೂ ಇಲ್ಲದ ಪಥ್ಯ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆಯಲ್ಲಿ ಯಾರ ಮನೆಯ ಜಗಲಿ ಹತ್ತಿದರೂ ಮೊದಲು ಎದುರಾಗುವುದು ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಚೆಂಬು ನೀರು. ಆಮೇಲೆ "ಆಸರಿಗೆ ಎಂತ ಆಗಬಹುದು?" ಎಂಬ ಪ್ರಶ್ನೆ. ಹೊತ್ತು ಮಧ್ಯಾಹ್ನವಾಗಿದ್ದರೆ ಪ್ರಶ್ನೆಯೂ ಇಲ್ಲ, ಬಾಳೆಲೆಯೇ ಬರುತ್ತದೆ. ಇಲ್ಲಿ ಊಟ ಬೇಡವೆನ್ನುವುದಕ್ಕೂ ಊಟಕ್ಕೆ ಕರೆದವರನ್ನೇ ಬೇಡವೆನ್ನುವುದಕ್ಕೂ ಹೆಚ್ಚು ದೂರವಿಲ್ಲ. ಇಂಥ ಸೀಮೆಯಲ್ಲಿ ಹದಿನಾಲ್ಕು ದಿನ ಅನ್ನ ಮುಟ್ಟದೆ ಇರುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. 2023ರ ಮೇ ತಿಂಗಳಿನಲ್ಲಿ ನಾನು ಹಾಗೆ ಇದ್ದವಳು.

ನನ್ನ ಎತ್ತರ 157 ಸೆಂಟಿಮೀಟರ್, ಆಗಿನ ತೂಕ 104 ಕಿಲೋ. ಸಕ್ಕರೆ ಕಾಯಿಲೆ ಹಿಡಿದು ಹನ್ನೆರಡು ವರ್ಷ. ಅಂಗಳದಿಂದ ಜಗಲಿಗೆ ಇರುವ ಮೂರು ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪುತ್ತಿರಲಿಲ್ಲ. ಎತ್ತರಕ್ಕೂ ತೂಕಕ್ಕೂ ಇರುವ ಲೆಕ್ಕವನ್ನು ಡಾಕ್ಟರರು ಬಿಎಂಐ ಎನ್ನುತ್ತಾರಲ್ಲ, ಅದು ನನ್ನಲ್ಲಿ 42. ನಮ್ಮಂಥ ಏಷ್ಯಾದವರಿಗೆ ಅದು 27.5 ದಾಟಿದರೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದೆಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಜಠರದ ಬಹುಭಾಗವನ್ನು ತೆಗೆದು, ಉಳಿದದ್ದನ್ನು ಸಪೂರ ಬಾಳೆಕಾಯಿಯಂತೆ ಮಾಡುವ 'ಸ್ಲೀವ್' ಶಸ್ತ್ರಚಿಕಿತ್ಸೆ ಆಗಬಹುದೆಂದು ಮಂಗಳೂರಿನ ಡಾಕ್ಟರರು ಹೇಳಿದರು. ಆದರೆ ಅದಕ್ಕೆ ಮೊದಲು ಎರಡು ವಾರದ ಪಥ್ಯ.

ಕಾರಣವನ್ನು ಅವರು ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಜಠರದ ಮೇಲೆ ಲಿವರಿನ ಎಡಭಾಗ ಹೊದಿಕೆಯ ಹಾಗೆ ಮಲಗಿರುತ್ತದೆ. ಸಣ್ಣ ತೂತುಗಳಿಂದ ಕ್ಯಾಮರಾ ಇಳಿಸಿ ಮಾಡುವ ಈ ಕೆಲಸದಲ್ಲಿ ಮೊದಲು ಲಿವರನ್ನು ಎತ್ತಿ ಹಿಡಿಯಬೇಕು. ನನ್ನಂಥವರ ಲಿವರ್ ಕೊಬ್ಬು ತುಂಬಿ ದಪ್ಪವಾಗಿರುತ್ತದೆ. ಎತ್ತುವಾಗ ಗಾಯವಾಗಿ ರಕ್ತ ಸುರಿಯಬಹುದು. ಜಠರವೇ ಸರಿಯಾಗಿ ಕಾಣದೆ ಕೆಲಸವನ್ನು ಅರ್ಧಕ್ಕೆ ಬಿಡಬೇಕಾಗಲೂಬಹುದು. ಉಂಡ ಅನ್ನದ ಸಕ್ಕರೆಯನ್ನು ಲಿವರ್ ಗ್ಲೈಕೋಜನ್ ಎಂಬ ರೂಪದಲ್ಲಿ ಕಟ್ಟಿಡುತ್ತದೆ. ಒಂದು ಗ್ರಾಂ ಗ್ಲೈಕೋಜನಿನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಕೂಡಿಕೊಂಡಿರುತ್ತದೆ. ಅನ್ನ ನಿಂತರೆ ಆ ಉಗ್ರಾಣ ಖಾಲಿಯಾಗುತ್ತದೆ, ನೀರು ಇಳಿಯುತ್ತದೆ, ಅದರ ಹಿಂದೆಯೇ ಕೊಬ್ಬೂ ಕರಗುತ್ತದೆ. ಮೆಲ್ಬೋರ್ನಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಅದರಲ್ಲಿ ಹನ್ನೆರಡು ವಾರದ ಪಥ್ಯದಿಂದ ಲಿವರ್ ಎಷ್ಟು ಕುಗ್ಗಿತೋ ಅದರ ಶೇಕಡಾ 80ರಷ್ಟು ಮೊದಲ ಎರಡೇ ವಾರದಲ್ಲಿ ಆಗಿತ್ತು.

ಪಟ್ಟಿ ಹೀಗಿತ್ತು. ಬೆಳಗ್ಗೆ ಕೆನೆ ತೆಗೆದ ಹಾಲಿಗೆ ಕದಡಿದ ಪ್ರೋಟೀನ್ ಪುಡಿ. ಹನ್ನೊಂದಕ್ಕೆ ನೀರು ಮಜ್ಜಿಗೆ. ಮಧ್ಯಾಹ್ನ ಬೇಯಿಸಿದ ಹೆಸರು ಕಾಳು ಸ್ವಲ್ಪ, ತೊಂಡೆಯೋ ಬಸಳೆಯೋ ಪಡುವಲವೋ ಒಂದು ಬಟ್ಟಲು. ಸಂಜೆ ಬೇಳೆಯ ತಿಳಿ ಸಾರು. ರಾತ್ರಿ ಪನೀರಿನ ನಾಲ್ಕು ತುಂಡು, ಮುಳ್ಳುಸೌತೆ. ದಿನಕ್ಕೆ 800ರಿಂದ 1000 ಕ್ಯಾಲೊರಿ, ಎರಡೂವರೆ ಲೀಟರ್ ನೀರು. ಅಕ್ಕಿ, ಗೋಧಿ, ಬೆಲ್ಲ, ಹಣ್ಣು, ತೆಂಗಿನಕಾಯಿ ಇಲ್ಲ. ಊಟ ಇಳಿದಂತೆ ಸಕ್ಕರೆಯೂ ತಟ್ಟನೆ ಇಳಿಯುತ್ತದೆಂದು ಮಾತ್ರೆಯ ಪ್ರಮಾಣವನ್ನು ಮೊದಲ ದಿನವೇ ಅವರು ಕಡಿಮೆ ಮಾಡಿದ್ದರು.

ತೆಂಗಿನಕಾಯಿ ಇಲ್ಲದೆ ನಮ್ಮ ಅಡಿಗೆ ಉಂಟೇ ಎಂದು ನನಗೂ ಅನ್ನಿಸಿತ್ತು. ಹುಡುಕಿದರೆ ಉಂಟು. ಬೋಳುಹುಳಿಗೆ ಕಾಯಿ ಬೇಡ. ತಿಮರೆಯನ್ನು ಜೀರಿಗೆಯ ಜೊತೆ ಅರೆದು ಮಜ್ಜಿಗೆಗೆ ಹಾಕಿದರೆ ಕಾಯಿಯಿಲ್ಲದ ತಂಬುಳಿ. ಬಡತನದ ಕಾಲದಲ್ಲಿ ನಮ್ಮ ಹಿರಿಯರು ಮಾಡುತ್ತಿದ್ದ ಎಷ್ಟೋ ಪದಾರ್ಥಗಳು ಆ ಪಟ್ಟಿಯೊಳಗೆ ಸಲೀಸಾಗಿ ಕೂತವು. ಅದನ್ನು ಕಲಸಿ ಉಣ್ಣಲು ಅನ್ನ ಇರಲಿಲ್ಲ, ಅಷ್ಟೆ.

ತೊಂದರೆ ಬಂದದ್ದು ಗಂಜಿಯಿಂದ. ಸುಳ್ಯದ ಕಡೆಯ ನಮ್ಮ ಮನೆಯಲ್ಲಿ ಎಂಬತ್ತೆರಡು ವರ್ಷದ ಅತ್ತೆಯಿದ್ದಾರೆ. ಎರಡನೆಯ ದಿನ ನನಗೆ ತಲೆನೋವು, ಮೂರನೆಯ ದಿನ ಕೈಕಾಲು ನಡುಕ, ಯಾರು ಮಾತಾಡಿದರೂ ಸಿಟ್ಟು. ಅತ್ತೆ ಮೆಲ್ಲಗೆ ಒಂದು ಬಟ್ಟಲು ಕುಚಲಕ್ಕಿ ಗಂಜಿ ತಂದು ಎದುರಿಗಿಟ್ಟರು. "ಅನ್ನ ಬೇಡ, ಒಪ್ಪಿದೆ. ಗಂಜಿಗೆ ಎಂತ ಮಾಡ್ಲಿಕ್ಕುಂಟು? ಕಾಮಾಲೆಯವರಿಗೂ ಗಂಜಿ ಕೊಡ್ತಾರೆ." ಅವರ ಮಾತಿಗೆ ಅರ್ಥವಿತ್ತು. ಜ್ವರ, ಬಾಣಂತನ, ಕಾಮಾಲೆ, ಯಾವ ಪಥ್ಯದಲ್ಲಿಯೂ ಎಲ್ಲ ಬಾಗಿಲು ಮುಚ್ಚಿದ ಮೇಲೆ ತೆರೆದಿರುವ ಒಂದು ಬಾಗಿಲು ಗಂಜಿ. ಕಾಮಾಲೆಯೂ ಲಿವರಿನದ್ದೇ ಕಾಯಿಲೆ. ಆದರೆ ಈ ಪಥ್ಯ ಮೊದಲು ಮುಚ್ಚಿದ್ದು ಅದೇ ಬಾಗಿಲನ್ನು. "ಅತ್ತೆ, ಗಂಜಿಯೂ ಅಕ್ಕಿಯೇ ಅಲ್ಲವಾ, ಅದು ಹೋಗಿ ಕೂರುವುದು ಲಿವರಿನಲ್ಲಿಯೇ" ಎಂದೆ. ಅವರು ಬಹಳ ಹೊತ್ತು ಬಟ್ಟಲನ್ನೇ ನೋಡಿದರು. ಆಮೇಲೆ ಅದನ್ನು ತಾವೇ ಕುಡಿದು, "ಹಾಗಾದರೆ ಮಜ್ಜಿಗೆ ನಾನು ಕಡೆದು ಕೊಡ್ತೇನೆ, ಬೆಣ್ಣೆಯ ಒಂದು ಕಣ ಇರಲಿಕ್ಕಿಲ್ಲ" ಎಂದರು. ಮರುದಿನದಿಂದ ಅದು ಅವರ ಕೆಲಸವಾಯಿತು.

ಐದನೆಯ ದಿನಕ್ಕೆ ಹಸಿವು ಮಂದವಾಯಿತು. ದೇಹ ತನ್ನ ಕೊಬ್ಬನ್ನೇ ಉರಿಸತೊಡಗಿದರೆ ಹಾಗಾಗುತ್ತದಂತೆ; ಬಾಯಿ ಮಾತ್ರ ವಾಸನೆ. ಮೇ ತಿಂಗಳೆಂದರೆ ಹಲಸಿನ ಹಪ್ಪಳದ ಕಾಲ. ಹಪ್ಪಳ ಒತ್ತಿದೆ, ಒಣಗಿಸಿದೆ, ಕರಿದೂ ಬಡಿಸಿದೆ. ಸಾಂಬಾರಿನ ಉಪ್ಪು ನೋಡುವ ಅಧಿಕಾರ ಆ ಹದಿನಾಲ್ಕು ದಿನ ನಮ್ಮವರದ್ದು. ಅವರಿಗೆ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುವುದೇ ಇಲ್ಲವೆಂದು ಮನೆಗೆಲ್ಲ ಗೊತ್ತಾಯಿತು.

ಪುತ್ತೂರಿನಲ್ಲಿರುವ ಅಣ್ಣನ ಪ್ರಶ್ನೆ ಗಂಜಿಗಿಂತ ಗಟ್ಟಿ. "ಹದಿನಾಲ್ಕು ದಿನ ಬಾಯಿ ಕಟ್ಟಲಿಕ್ಕೆ ಆಗ್ತದಾದರೆ ಮತ್ತೆ ಹೊಟ್ಟೆ ಕೊಯ್ಯಿಸುವುದು ಯಾಕೆ ಮಾರಾಯ್ತಿ? ಹೀಗೇ ಇದ್ದರಾಯಿತಲ್ಲ?" ಕೇಳಿದವರೆಲ್ಲ ಇದನ್ನೇ ಕೇಳಿದರು, ಅಣ್ಣ ಎದುರಿಗೆ ಕೇಳಿದ, ಅಷ್ಟೇ ವ್ಯತ್ಯಾಸ. ನಾನು ಬಾಯಿ ಕಟ್ಟಿ ಎರಡು ಸಲ ಎಂಟೆಂಟು ಕಿಲೋ ಇಳಿಸಿದವಳು. ಎರಡು ಸಲವೂ ಅದು ಬಡ್ಡಿ ಸಮೇತ ವಾಪಸು ಬಂದಿದೆ. ಜಠರದಲ್ಲಿ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹುಟ್ಟುತ್ತದೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಅದನ್ನು ಕಂಡುಹಿಡಿದರು. ಉಪವಾಸದಿಂದ ತೂಕ ಇಳಿಸಿದವರಲ್ಲಿ ಅದು ಮತ್ತೂ ಏರುತ್ತದೆಂದು 2002ರಲ್ಲಿ ಅಮೆರಿಕದವರು ತೋರಿಸಿದರು. ಕಳೆದುಕೊಂಡದ್ದನ್ನು ದೇಹ ಸಾಲ ವಸೂಲಿಯವರ ಹಾಗೆ ಕೇಳುತ್ತದೆ. ಆ ಹಾರ್ಮೋನು ಹೆಚ್ಚಾಗಿ ಹುಟ್ಟುವ ಜಠರದ ಮೇಲ್ಭಾಗವೇ ಸ್ಲೀವಿನಲ್ಲಿ ಹೋಗುತ್ತದೆ. "ಈ ಹದಿನಾಲ್ಕು ದಿನ ತೂಕಕ್ಕಲ್ಲ ಅಣ್ಣ, ಡಾಕ್ಟರರ ಕೈಗೆ ಜಾಗ ಮಾಡಿಕೊಡಲಿಕ್ಕೆ" ಎಂದೆ. ಅಣ್ಣ ಒಪ್ಪಿದನೋ ಇಲ್ಲವೋ, ಆಸ್ಪತ್ರೆಗೆ ಹೋಗಲು ಕಾರು ತಾನೇ ತರುತ್ತೇನೆಂದ.

ಒಂಬತ್ತನೆಯ ದಿನ ಕಡಬದಲ್ಲಿ ನಾದಿನಿಯ ಮಗಳ ಮದುವೆ. ಹಿಂದೆ ಪುತ್ತೂರು ತಾಲೂಕಿನೊಳಗಿದ್ದ ಕಡಬ ಈಗ ತಾನೇ ತಾಲೂಕು; ಉಪಚಾರದಲ್ಲಿ ಮಾತ್ರ ಇನ್ನೂ ಹಳೆಯ ಕಾಲದ್ದೇ. ಬಡಿಸುವವರು ಹೋಳಿಗೆಯ ಬುಟ್ಟಿ ಹಿಡಿದು ಸಾಲಿನಲ್ಲಿ ಬಂದರೆ ಎಲೆಗೆ ಅಡ್ಡ ಹಿಡಿದ ಕೈಯ ಮೇಲೆಯೇ ಹೋಳಿಗೆ ಬೀಳುತ್ತದೆ. "ಡಯಟಿನಲ್ಲಿ ಇದ್ದೇನೆ" ಎಂದೆ. ಸಾಲೇ ನಕ್ಕಿತು. "ಒಂದು ಹೋಳಿಗೆಗೆ ಡಯಟ್ ಎಲ್ಲಿಗೆ ಓಡ್ತದೆ ಅತ್ತಿಗೆ?" ಎಂದು ಒಬ್ಬರು ತುಪ್ಪವನ್ನೂ ತಂದರು. ಆಗ ನಾನು ಪದ ಬದಲಾಯಿಸಿದೆ: "ಪಥ್ಯದಲ್ಲಿದ್ದೇನೆ. ಮುಂದಿನ ವಾರ ಆಪರೇಶನ್."

ನಗು ನಿಂತಿತು. ಹೋಳಿಗೆಯ ಬುಟ್ಟಿ ಸದ್ದಿಲ್ಲದೆ ಮುಂದಕ್ಕೆ ಹೋಯಿತು. ನಾದಿನಿಯ ಅತ್ತೆ ತಾವೇ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ, ಹೋಳು ಮಾಡಿದ ಮುಳ್ಳುಸೌತೆ ತಂದು ನನ್ನ ಎಲೆಯ ಬದಿಗಿಟ್ಟರು. ಯಾವ ಕಾಯಿಲೆ, ಏನು ಎತ್ತ ಎಂದು ಒಬ್ಬರೂ ಕೇಳಲಿಲ್ಲ. ಡಯಟ್ ಎಂದರೆ ನಮ್ಮವರಿಗೆ ಪೇಟೆಯವರ ಶೋಕಿ, ಬಡಿಸುವವರಿಗೆ ಅದೊಂದು ಸವಾಲು. ಪಥ್ಯ ಎಂದರೆ ಹಾಗಲ್ಲ. ಅದನ್ನು ಮುರಿಸಿದ ಪಾಪ ಬಡಿಸಿದವರಿಗೇ ತಟ್ಟುತ್ತದೆಂದು ನಂಬಿದವರು ನಾವು. ಉಳಿದ ಐದು ದಿನ ನಾನು ಹೋದಲ್ಲೆಲ್ಲ ಆ ಒಂದು ಪದವನ್ನು ಕೊಡೆಯ ಹಾಗೆ ಹಿಡಿದು ನಡೆದೆ.

ಕೊನೆಯ ದಿನ ಬರೀ ತಿಳಿ ನೀರು, ತಿಳಿ ಸಾರು. ತಕ್ಕಡಿ ಐದೂವರೆ ಕಿಲೋ ಕಡಿಮೆ ತೋರಿಸಿತು. ಅದರಲ್ಲಿ ನೀರೇ ಬಹುಪಾಲು ಎಂದು ನನಗೆ ಗೊತ್ತಿತ್ತು. ಶಸ್ತ್ರಚಿಕಿತ್ಸೆಯ ಮರುದಿನ ಡಾಕ್ಟರರು ಬಂದು, "ನಿಮ್ಮ ಲಿವರ್ ಸುಲಭದಲ್ಲಿ ಎದ್ದಿತು" ಎಂದರು. ಊರಿಗೆ ಬಂದ ಮೇಲೆ ಅತ್ತೆಗೆ ಅದನ್ನೇ ಹೇಳಿದೆ. "ಏಳದೆ ಎಂತ? ಹದಿನಾಲ್ಕು ದಿನ ಮಜ್ಜಿಗೆ ಕಡೆದದ್ದು ಯಾರು?" ಎಂದರು.

ಈಗ ನಮ್ಮ ಮನೆಗೆ ಬಂದವರಿಗೆ ಬೆಲ್ಲ, ನೀರು ಮೊದಲಿನ ಹಾಗೆಯೇ ಉಂಟು. ಬಡಿಸುವ ಮೊದಲು ಮಾತ್ರ "ನಿಮಗೆ ಪಥ್ಯ ಏನಾದರೂ ಉಂಟಾ?" ಎಂದು ಕೇಳುತ್ತೇನೆ. ಉಂಟು ಎನ್ನುವವರು ನಾನೆಣಿಸಿದ್ದಕ್ಕಿಂತ ಹೆಚ್ಚು ಜನ ಇದ್ದಾರೆ.