ಗಾಳಿ ಹೋದರೆ ನಿಲ್ಲುವ ಬಸ್ಸು

ಶಹಾಬಾದಿನ ಕಲ್ಲನ್ನು ತುಳಿಯದ ಕನ್ನಡಿಗರು ವಿರಳ. ಆ ಊರಿಗೇ ಹೋದರೆ ನೆಲವಷ್ಟೇ ಅಲ್ಲ, ಗೋಡೆ, ಮಾಳಿಗೆ ಎಲ್ಲವೂ ಅದೇ ಹಾಸುಗಲ್ಲು. ಊರ ಹೊರಗೆ, ವಾಡಿಯ ರಸ್ತೆಯ ಬದಿಯ ಒಂದು ವರ್ಕ್‌ಶಾಪಿನ ಅಂಗಳದಲ್ಲಿ, ಕಳೆದ ಬೇಸಿಗೆಯಲ್ಲಿ ನಾನು ಮೂರು ದಿನ ಕುಳಿತಿದ್ದೆ. ನನ್ನ ಗೆಳೆಯರೊಬ್ಬರ ತಂದೆಯ ಹಳೆಯ ಬಸ್ಸಿಗೆ ಅಲ್ಲಿ ಬ್ರೇಕಿನ ಚಿಕಿತ್ಸೆ ನಡೆದಿತ್ತು.

ಬಸ್ಸು 1970ರ ದಶಕದ್ದು. ಈ ಸೀಮೆಗೆ ಬಸ್ಸೇನೂ ಹೊಸತಲ್ಲ. ಶಹಾಬಾದ್, ಸೇಡಂಗಳೆಲ್ಲ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1932ರಲ್ಲಿ, ನಿಜಾಮರ ರೈಲ್ವೆ ಇಲಾಖೆಯೇ 27 ಬಸ್ಸುಗಳನ್ನಿಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿತ್ತು. ನಮ್ಮ ಬಸ್ಸಿಗೆ ಅಂಥ ರಾಜಯೋಗವಿಲ್ಲ. ಮದುವೆಯ ದಿಬ್ಬಣ ಮತ್ತು ಜಾತ್ರೆಯ ಜನರನ್ನು ಹೊತ್ತು ಅದು ಸವೆದಿದೆ.

ಒಮ್ಮೆ ಅಂಥದೇ ಒಂದು ದಿಬ್ಬಣವನ್ನು ಹೊತ್ತು ಅದು ಚಿಂಚೋಳಿ ತಾಲ್ಲೂಕಿನ ಕುಂಚಾವರದ ಕಡೆ ಇಳಿಜಾರಿನಲ್ಲಿ ಬರುತ್ತಿತ್ತು. ಗೆಳೆಯರ ತಂದೆಯೇ ಚಾಲಕರು. ಅವರು ಪೆಡಲ್ ಒತ್ತಿದರು. ಪೆಡಲ್ ಎಂದಿನಂತೆಯೇ ಇಳಿಯಿತು, ಬಸ್ಸು ಮಾತ್ರ ನಿಲ್ಲಲಿಲ್ಲ. ಎಲ್ಲಿಯೋ ಒಂದು ರಬ್ಬರ್ ಕೊಳವೆ ಸೀಳಿ ಗಾಳಿಯೆಲ್ಲ ಬುಸ್ಸೆಂದು ಹೊರಟುಹೋಗಿತ್ತು. ತುಂಬಿದ ಬಸ್ಸಿಗೆ ಕೈಬ್ರೇಕು ಏನು ಸಾಲುತ್ತದೆ? ಕೆಳಗಿನ ತಿರುವಿನಲ್ಲಿ ಉತ್ತ ಹೊಲವೊಂದಕ್ಕೆ ಬಸ್ಸನ್ನು ನುಗ್ಗಿಸಿ ನಿಲ್ಲಿಸಿದರಂತೆ. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೆ ಆ ಹಿರಿಯರು ಅಂದಿನಿಂದ ಚಕ್ರ ಮುಟ್ಟಲಿಲ್ಲ. ಬಸ್ಸನ್ನು ಮಾರಲೂ ಇಲ್ಲ.

ಈ ಬಸ್ಸಿನ ವ್ಯವಸ್ಥೆ ಸರಳವಾಗಿತ್ತು. ಎಂಜಿನ್ನಿನ ಬಲದಿಂದ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಚಾಲಕನು ಪೆಡಲ್ ಒತ್ತಿದರೆ ವಾಲ್ವ್ ತೆರೆದು ಆ ಗಾಳಿ ಚಕ್ರದ ಬಳಿಯ ಡಬ್ಬಿಗೆ ನುಗ್ಗುತ್ತದೆ. ಅಲ್ಲಿಯ ರಬ್ಬರ್ ಪರದೆ ಉಬ್ಬಿ ಸರಳನ್ನು ತಳ್ಳುತ್ತದೆ. ಸರಳು ಕ್ಯಾಮನ್ನು ತಿರುಗಿಸಿ ಪಟ್ಟಿಗಳನ್ನು ಡ್ರಮ್ಮಿಗೆ ಅದುಮುತ್ತದೆ. ಇಡೀ ಬಸ್ಸಿಗೆ ಇದ್ದುದು ಒಂದೇ ಕೊಳವೆಜಾಲ. ಗಾಳಿಯುಂಟೋ, ಬ್ರೇಕುಂಟು, ಗಾಳಿ ಹೋಯಿತೋ, ದೇವರೇ ಗತಿ.

"ರೈಲಿನಾಗ ಹಂಗಿಲ್ರಿ ಸರ್," ಎಂದರು ಮೇಸ್ತ್ರಿ, ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತ. "ಅಲ್ಲಿ ಗಾಳಿ ಹೋದ್ರನ ಗಾಡಿ ನಿಲ್ತದ."

ವಾಡಿ ಜಂಕ್ಷನ್ನಿನ ಮಗ್ಗುಲಲ್ಲಿ ಬೆಳೆದವರ ಮಾತು, ಸುಳ್ಳಾಗುವುದೆಂತು? ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡಿತು. ಅದಕ್ಕೆ ಕೇವಲ ಐದು ವರ್ಷ ಮೊದಲು, 1869ರಲ್ಲಿ, ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿಬ್ರೇಕಿಗೆ ಪೇಟೆಂಟ್ ಪಡೆದಿದ್ದ. ಅವನ ಮೊದಲ ಬ್ರೇಕೂ ನಮ್ಮ ಬಸ್ಸಿನಂತೆಯೇ. ಕೊಳವೆ ಹರಿದರೆ ಕೆಲಸ ಕೆಟ್ಟಿತು. 1872ರಲ್ಲಿ ಅವನು ತತ್ತ್ವವನ್ನೇ ತಲೆಕೆಳಗು ಮಾಡಿದ. ಕೊಳವೆಯಲ್ಲಿ ಒತ್ತಡ ಇರುವವರೆಗೆ ಗಾಲಿ ಬಿಡುವು. ಒತ್ತಡ ಇಳಿದರೆ ಪ್ರತಿ ಡಬ್ಬಿಯಲ್ಲೂ ಕೂಡಿಟ್ಟ ಗಾಳಿಯೇ ಬ್ರೇಕು ಹಾಕುತ್ತದೆ. ಇಷ್ಟನ್ನು ಎಲ್ಲರೂ ಒಪ್ಪಲು ಬಲಿಯೇ ಬೇಕಾಯಿತು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಬಳಿ ಮಕ್ಕಳು ತುಂಬಿದ್ದ ವಿಹಾರದ ರೈಲಿನ ಹಿಂಭಾಗ ಬೇರ್ಪಟ್ಟು, ದಿಬ್ಬದಿಂದ ಹಿಂದಕ್ಕೆ ಉರುಳಿ, ಬೆನ್ನಿಗೇ ಬರುತ್ತಿದ್ದ ಇನ್ನೊಂದು ರೈಲಿಗೆ ಅಪ್ಪಳಿಸಿತು. ಸತ್ತವರು ಸುಮಾರು 80 ಮಂದಿ. ತಾನಾಗಿ ಹಿಡಿಯುವ ಬ್ರೇಕು ಆ ರೈಲಿಗೆ ಇರಲಿಲ್ಲ. ಪ್ರಯಾಣಿಕರ ರೈಲುಗಳಿಗೆ ಅದನ್ನು ಕಡ್ಡಾಯಗೊಳಿಸುವ ಕಾನೂನು ಅದೇ ವರ್ಷ ಬಂದಿತು.

ನಮ್ಮ ಮೇಸ್ತ್ರಿ ಮಾಡುತ್ತಿದ್ದುದೂ ಆ ತಲೆಕೆಳಗಿನ ಕೆಲಸವನ್ನೇ. ಒಂದು ಟ್ಯಾಂಕಿದ್ದಲ್ಲಿ ಎರಡು. ಮುಂದಿನ ಗಾಲಿಗಳಿಗೊಂದು ದಾರಿ, ಹಿಂದಿನವಕ್ಕೆ ಇನ್ನೊಂದು. ಒಂದು ಸೀಳಿದರೂ ಮತ್ತೊಂದು ಉಳಿಯುತ್ತದೆ. ಹಿಂದಿನ ಗಾಲಿಗಳಿಗೆ ಜೋಡಿ ಡಬ್ಬಿ. ಅದರ ಒಂದು ಕೋಣೆಯಲ್ಲಿ ತೋರವಾದ ಸ್ಪ್ರಿಂಗನ್ನು ಗಾಳಿಯೇ ಅದುಮಿ ಹಿಡಿದಿರುತ್ತದೆ. ಗಾಳಿ ಹೋದರೆ ಸ್ಪ್ರಿಂಗ್ ಚಾಚಿ ಬ್ರೇಕು ಹಾಕುತ್ತದೆ. ಇಂದಿನ ಬಸ್ಸುಗಳಲ್ಲಿ ಇದು ಸಾಮಾನ್ಯ ಸಂಗತಿ. ಆ ಡಬ್ಬಿಯ ಹತ್ತಿರ ಹುಡುಗನೊಬ್ಬ ಸ್ಪ್ಯಾನರ್ ಹಿಡಿದು ಸುಳಿದಾಗ ಶಾಂತಮೂರ್ತಿಯಾದ ಮೇಸ್ತ್ರಿ ಗದರಿದ್ದನ್ನು ಕಂಡೆ. ಬೋಲ್ಟಿನಿಂದ ಸ್ಪ್ರಿಂಗನ್ನು ಬಂಧಿಸದೆ ಅದರ ಪಟ್ಟಿ ಬಿಚ್ಚಿದರೆ, ಮುಚ್ಚಳ ಗುಂಡಿನಂತೆ ಸಿಡಿದು ಆಳನ್ನೇ ಕೊಲ್ಲಬಲ್ಲದು.

ಉಳಿದುದು ತಾಳ್ಮೆಯ ಕೆಲಸ. ಹಳೆಯ ಟ್ಯಾಂಕಿನ ಕೆಳಗಿನ ತಿರುಪನ್ನು ಬಿಚ್ಚಿದಾಗ ತುಕ್ಕುನೀರಿನೊಡನೆ ಕಂಪ್ರೆಸರಿನ ಎಣ್ಣೆಯೂ ಸುರಿಯಿತು. ಹೊಸ ಸಂದುಗಳಿಗೆಲ್ಲ ಸೋಪಿನ ನೀರು ಬಳಿದು, ಗುಳ್ಳೆ ಏಳುತ್ತದೆಯೋ ಎಂದು ನಾವೆಲ್ಲ ಮದುವೆಮನೆಯ ಹಾಲು ಕಾಯುವಂತೆ ಕಾದೆವು. ಒಂದು ಸಂದಿನಲ್ಲಿ ಎದ್ದಿತು. ಮತ್ತೆ ಬಿಗಿದರು.

ನಾಲ್ಕನೆಯ ದಿನ ಬಸ್ಸು ಹೊರಟಿತು. ಮೇಸ್ತ್ರಿಯೇ ಚಾಲಕರು, ಹಿರಿಯರು ಬಾಗಿಲ ಬಳಿಯ ಸೀಟಿನಲ್ಲಿ, ಮಾತಿಲ್ಲದೆ. ವಾಡಿಯ ಸಿಮೆಂಟ್ ಧೂಳು, ಚಿತ್ತಾಪುರದ ಬಿಸಿಲು, ಆಮೇಲೆ ಸೇಡಂ. ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡ ಈ ತಾಲ್ಲೂಕಿನದೇ. ಕನ್ನಡ ಪಾಠ ಹೇಳುವ ನನಗೆ ಕವಿರಾಜಮಾರ್ಗ ನೆನಪಾಗಬೇಕಿತ್ತು. ನಿಜ ಹೇಳುವೆ, ನನ್ನ ಕಣ್ಣೆಲ್ಲ ಗಾಳಿಯ ಒತ್ತಡ ತೋರಿಸುವ ಎರಡು ಮುಳ್ಳುಗಳ ಮೇಲೆಯೇ ಇತ್ತು.

ರೈಲಿನ ಹಂಗಿಲ್ಲದ ಚಿಂಚೋಳಿಯನ್ನು ದಾಟಿ, ಇಳಿಜಾರಿಗೆ ಮುಂಚೆ ಮೇಸ್ತ್ರಿ ಬಸ್ಸು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಕೆಳಗಿಳಿದು ಎರಡು ಟ್ಯಾಂಕುಗಳ ಗಾಳಿಯನ್ನೂ ಬಿಟ್ಟರು. ಮುಳ್ಳುಗಳು ಇಳಿದವು. ಹಿಂದಿನಿಂದ ದಪ್ಪನೆಯ ಸದ್ದೊಂದು ಕೇಳಿತು. ಆಮೇಲೆ ಕಲ್ಲು ತೆಗೆದು ಏಳು ಜನ ಸೇರಿ ನೂಕಿದೆವು, ಬಸ್ಸು ಕದಲಲಿಲ್ಲ.

ಹಿರಿಯರು ಕೆಳಗಿಳಿದು ಬಸ್ಸಿನ ಹಿಂಬದಿಗೆ ಹೋಗಿ, ತಾವೂ ಭುಜ ಕೊಟ್ಟು ಒಮ್ಮೆ ನೂಕಿ ನೋಡಿದರು. ಬಳಿಕ ಪಂಚೆ ಎತ್ತಿ ಕಟ್ಟಿ, ಮೇಸ್ತ್ರಿಯತ್ತ ಕೈ ಚಾಚಿ, "ಕೀಲಿ ಕೊಡಪಾ" ಎಂದರು.