ನಾನು ಬಚ್ಚಿಟ್ಟ ಸುದ್ದಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕಕ್ಕೂ ಪತ್ರಿಕೆಗೆ ನಾನೊಬ್ಬನೇ ವರದಿಗಾರನಾಗಿದ್ದ ಕಾಲ. ಸುದ್ದಿ ಮೊದಲು ನನಗೆ ಸಿಗಬೇಕು, ಅಚ್ಚಾಗುವವರೆಗೆ ಇನ್ನೊಬ್ಬರಿಗೆ ಗೊತ್ತಾಗಬಾರದು ಎಂಬ ಚಟ ಅಂಟಿತ್ತು.

ಕೋಟೆ ಕಡೆಯ ಕಾಡಂಚಿನ ಹಳ್ಳಿಯಲ್ಲಿ ದನ ಕಾಯುವ ಹುಡುಗನೊಬ್ಬ ಜೋಳದ ಹೊಲದ ಬದುವಿನಲ್ಲಿ ಒಂದು ಉಂಡೆ ತೋರಿಸಿದ. ನಿಂಬೆಹಣ್ಣಿನ ಗಾತ್ರ, ನೂಲಿನಿಂದ ಬಿಗಿದು ಮೇಲೆ ಹಿಟ್ಟು ಮೆತ್ತಿದ್ದರು. ಕಾಡುಹಂದಿಗೆ ಇಡುವ ಸಿಡಿಮದ್ದು. ಹಲ್ಲು ಊರಿದರೆ ಸಿಡಿಯುತ್ತದೆ. ಪರಿಚಯದ ಅರಣ್ಯ ವಾಚರ್ ಕಿವಿಗೆ ಹಾಕಿ ಸುಮ್ಮನಾದೆ. ಪೊಲೀಸರಿಗೆ ಹೇಳಿದ್ದರೆ ಸಂಜೆಗೆಲ್ಲ ಉಳಿದ ಪತ್ರಿಕೆಯವರೂ ಸ್ಟೇಷನ್ ಮುಂದೆ ಇರುತ್ತಿದ್ದರು. ಮದ್ದು ಎಲ್ಲಿಂದ ಬರುತ್ತದೆ ಎಂಬ ದೊಡ್ಡ ವರದಿಯೇ ನನ್ನ ತಲೆಯಲ್ಲಿತ್ತು.

ಅದನ್ನು ಬರೆದು ಮುಗಿಸುವ ಮೊದಲೇ ಪಕ್ಕದ ಹೊಲದಲ್ಲಿ ಹಸುವೊಂದು ಇನ್ನೊಂದು ಉಂಡೆಗೆ ಬಾಯಿ ಹಾಕಿತು. ಕೆಳದವಡೆ ಇರಲೇ ಇಲ್ಲ. ನೀರಿನ ತೊಟ್ಟಿಗೆ ಮೂತಿ ಅದ್ದುತ್ತಿತ್ತು, ಕುಡಿಯಲಾಗದೆ ತೆಗೆಯುತ್ತಿತ್ತು. ‘ನಿಮಗೆ ಮೊದಲೇ ಗೊತ್ತಿತ್ತಂತಲ್ಲ?’ ಎಂದು ಹಸುವಿನ ಮನೆಯಾಕೆ ಕೇಳಿದಳು.

ಹಂದಿ ಸತ್ತರೆ 1972ರ ವನ್ಯಜೀವಿ ಕಾಯ್ದೆ, ಅರಣ್ಯ ಇಲಾಖೆಯ ಫೈಲು. ಮದ್ದು ಸಿಕ್ಕರೆ 1908ರ ಸ್ಫೋಟಕ ವಸ್ತುಗಳ ಕಾಯ್ದೆ, ಪೊಲೀಸರ ಫೈಲು. ಸ್ಫೋಟಕಗಳ ಲೈಸೆನ್ಸ್ ನೋಡುವ ಪೆಸೊ ಸಂಸ್ಥೆಯ ಕೇಂದ್ರ ಕಚೇರಿ ನಾಗಪುರದಲ್ಲಿ. ಈ ಫೈಲುಗಳು ಒಂದೇ ಮೇಜಿಗೆ ಬರುವುದು ದೊಡ್ಡ ಅನಾಹುತವಾದ ಮೇಲೆ.

ಅಂಥ ಅನಾಹುತವೂ ಆಯಿತು: 2016ರ ಆಗಸ್ಟ್ 1ರಂದು ಮೈಸೂರು ಕೋರ್ಟ್ ಆವರಣದ ಶೌಚಾಲಯದಲ್ಲಿ ಬಾಂಬ್ ಸಿಡಿಯಿತು. ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ಚಿತ್ತೂರು, ಜೂನ್‌ನಲ್ಲಿ ಕೊಲ್ಲಂ. ಆಮೇಲೆ ನೆಲ್ಲೂರು, ಮಲಪ್ಪುರಂ. ಮೂರು ರಾಜ್ಯ, ಗುಂಪು ಒಂದೇ. ಎನ್‌ಐಎ ಆರೋಪಿಗಳನ್ನು ಹಿಡಿದದ್ದು ನವೆಂಬರ್‌ನಲ್ಲಿ. ಮೈಸೂರು ಪ್ರಕರಣದಲ್ಲಿ ಮೂವರಿಗೆ ಶಿಕ್ಷೆಯಾದದ್ದು 2021ರಲ್ಲಿ. ಇಂಥ ಸ್ಫೋಟಗಳ ವಿವರ ಕೂಡಿಡಲೆಂದೇ ಮಾನೇಸರದಲ್ಲಿ ಎನ್‌ಎಸ್‌ಜಿಯ ರಾಷ್ಟ್ರೀಯ ಬಾಂಬ್ ದತ್ತಾಂಶ ಕೇಂದ್ರವಿದೆ. ಎನ್‌ಎಸ್‌ಜಿಗೆ ಸೇನೆಯಿಂದಲೂ ಜನ ಬರುತ್ತಾರೆ, ಅದು ಇರುವುದು ಕೇಂದ್ರ ಗೃಹ ಸಚಿವಾಲಯದಡಿ. ಆದರೆ ಸ್ಟೇಷನ್ನಿನಿಂದ ಮಾಹಿತಿ ಹೋದರೆ ತಾನೇ ಅಲ್ಲಿ ತಾಳೆ ನೋಡುವುದು?

ಸೇನೆಯ ಸ್ಯಾಪರ್ಸ್‌ನಲ್ಲಿದ್ದು ನಿವೃತ್ತರಾದ ಪಿರಿಯಾಪಟ್ಟಣದ ಪರಿಚಿತರೊಬ್ಬರಿಗೆ ಇದನ್ನೆಲ್ಲ ಹೇಳಿಕೊಂಡೆ. ‘ನಾವು ವೈರಿನ ಬಣ್ಣಾನೂ ಬರೆದು ಪಕ್ಕದ ಯೂನಿಟ್‌ಗೆ ಕಳಿಸ್ತಿದ್ವಿ. ಪೊಲೀಸ್ನೋರಿಗೆ ಹೇಳೋಕೆ ಮಾತ್ರ ಮೇಲಿನವರನ್ನ ಕೇಳಬೇಕಿತ್ತು’ ಎಂದು ನಕ್ಕರು. ನನಗಾದರೆ ಕೇಳಲು ಮೇಲಿನವರೂ ಇರಲಿಲ್ಲ.

ಬದುವಿನಲ್ಲಿ ಉಂಡೆ ಕಂಡರೆ ಮುಟ್ಟಬೇಡಿ, ದನ ಬಿಡಬೇಡಿ. ಪೊಲೀಸರ 112ಕ್ಕೂ ಅರಣ್ಯದವರ 1926ಕ್ಕೂ ನೀವೇ ಫೋನ್ ಮಾಡಿ. ಅವರವರೇ ಹೇಳಿಕೊಳ್ಳುತ್ತಾರೆಂದು ಬಿಡಬೇಡಿ. ವರದಿಗಾರರಿಗೆ ಆಮೇಲೆ ಹೇಳಿದರೆ ಸಾಕು.